ಸ್ಕೇಟಿಂಗ್ ರಿಂಕ್ ರೇಡಿಯೊ ಸ್ಟುಡಿಯೊ ಆದದ್ದು ಹೇಗೆ?

ಪ್ರಶ್ನೆ: ನನ್ನ ಮಗಳು ಲಂಡನ್ನಿನ ಮೇಡಾ ವೇಲ್ ಎಂಬ ಕಡೆ ಬಾಡಿಗೆ ಮನೆ ಹಿಡಿದಿದ್ದಾಳೆ. ಪಕ್ಕದ ಡೆಲವೇರ್ ರಸ್ತೆಯಲ್ಲಿ ಉದ್ದಕ್ಕೆ, ತಗ್ಗಾಗಿ, ಬೆಳ್ಳಗಿನ ಒಂದು ಹಳೆ ಕಟ್ಟಡ ಇದೆಯಂತೆ. ಅದು ಬಿಬಿಸಿಯ ಸ್ಟುಡಿಯೊ ಆಗಿತ್ತು, ಅದಕ್ಕೂ ಮೊದಲು ರೋಲರ್ ಸ್ಕೇಟಿಂಗ್ ರಿಂಕ್ ಆಗಿತ್ತು ಅಂತ ಅಲ್ಲಿಯವರು ಹೇಳಿದರಂತೆ. ಇದು ನಿಜವೇ? ಚಕ್ರದ ಬೂಟು ಹಾಕಿಕೊಂಡು ಗಡಗಡ ಓಡಾಡುವ ಜಾಗದಲ್ಲಿ ಸಂಗೀತ ಹೇಗೆ ರೆಕಾರ್ಡ್ ಮಾಡುತ್ತಾರೆ? ಒಳಗೆಲ್ಲ ಸದ್ದು ಮೊಳಗುವುದಿಲ್ವಾ? ಬಿಬಿಸಿ ಅದನ್ನು ಮಾರಿದೆ ಅಂತಲೂ ಕೇಳಿದೆ. ಇನ್ನು ಕೆಡವಿಬಿಡುತ್ತಾರಾ?

ಉತ್ತರ: ನಿಜ. ಅಲ್ಲಿಯವರು ಹೇಳಿದ್ದು ಸರಿ. ಆ ಕಟ್ಟಡ ಎದ್ದದ್ದು 1909ರಲ್ಲಿ. ಅದರ ಮೊದಲ ಹೆಸರು ಮೇಡಾ ವೇಲ್ ರೋಲರ್ ಸ್ಕೇಟಿಂಗ್ ಪ್ಯಾಲೇಸ್ ಅಂಡ್ ಕ್ಲಬ್. ಸ್ಕೇಟಿಂಗ್ ನಡೆದದ್ದು ಕೆಲವೇ ವರ್ಷ. ಬಿಬಿಸಿ ಅಲ್ಲಿಗೆ ಬಂದದ್ದು 1934ರಲ್ಲಿ, ಕೈಬಿಟ್ಟದ್ದು ಸುಮಾರು 90 ವರ್ಷದ ಮೇಲೆ. ಕೊನೆಯ ಪ್ರಶ್ನೆಗೂ ಈಗಲೇ ಉತ್ತರ ಹೇಳಿಬಿಡುತ್ತೇನೆ, ನಿಮಗೂ ನಿರಾಳ ಆಗಲಿ: ಕೆಡವುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹಳೆ ಕಟ್ಟಡಗಳ ಕೆಲಸ ಮಾಡುವವನು. ಒಂದು ಕೆಲಸಕ್ಕೆಂದು ಕಟ್ಟಿದ್ದು ಇನ್ನೊಂದು ಕೆಲಸಕ್ಕೆ ಹೇಗೆ ಒಗ್ಗುತ್ತದೆ ಅನ್ನೋದೇ ನನಗೆ ದಿನಾ ಎದುರಾಗುವ ಪ್ರಶ್ನೆ. ಈ ಕಟ್ಟಡದ ಬಗ್ಗೆ ಕೇಳಿದಿರಲ್ಲ, ತುಂಬಾ ಖುಷಿ ಆಯಿತು. ಮೊದಲು ಆ ರಿಂಕ್ ಯಾಕೆ ಹುಟ್ಟಿತು ಅಂತ ನೋಡೋಣ.

ಚಕ್ರದ ಬೂಟು ಯುರೋಪಿನಲ್ಲಿ 18ನೇ ಶತಮಾನದಿಂದಲೇ ಇತ್ತು. ಜಾನ್ ಜೋಸೆಫ್ ಮರ್ಲಿನ್ ಅಂತ ಬೆಲ್ಜಿಯಂ ಕಡೆಯ ಒಬ್ಬ ಕುಶಲಕರ್ಮಿ. ಗಡಿಯಾರ, ವಾದ್ಯ, ಯಂತ್ರ ಎಲ್ಲಾ ಮಾಡುತ್ತಿದ್ದವನು. ಲಂಡನ್ನಿನ ಸೋಹೋದಲ್ಲಿ ಒಂದು ಔತಣಕೂಟಕ್ಕೆ ಅವನು ತಾನೇ ಮಾಡಿದ ಚಕ್ರದ ಬೂಟು ಹಾಕಿಕೊಂಡು, ಪಿಟೀಲು ನುಡಿಸುತ್ತಾ ಬಂದನಂತೆ. ಬಂದವನಿಗೆ ನಿಲ್ಲಲೂ ಆಗಲಿಲ್ಲ, ತಿರುಗಲೂ ಆಗಲಿಲ್ಲ. ನೇರ ಹೋಗಿ 500 ಪೌಂಡಿಗಿಂತ ಜಾಸ್ತಿ ಬೆಲೆಯ ದೊಡ್ಡ ಕನ್ನಡಿಗೆ ಗುದ್ದಿದ. ಕನ್ನಡಿಯೂ ಹೋಯಿತು, ಪಿಟೀಲೂ ಹೋಯಿತು, ಅವನಿಗೂ ಗಾಯ ಆಯಿತು. ಈ ಕಥೆಯನ್ನು ಸುಮ್ನೆ ಹೇಳುತ್ತಿಲ್ಲ. ಆಗಿನ ಚಕ್ರದ ಬೂಟಿನ ದೊಡ್ಡ ಕೊರತೆಯೇ ಅದು. ಮುಂದಕ್ಕೆ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ.

ಆ ಕೊರತೆ ನೀಗಿದ್ದು 1863ರಲ್ಲಿ. ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ನಾಲ್ಕು ಚಕ್ರದ ಹೊಸ ಬೂಟು ಮಾಡಿದ. ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ. ಮಧ್ಯೆ ರಬ್ಬರಿನ ಮೆತ್ತೆ. ಮೈಯನ್ನು ಎಡಕ್ಕೆ ವಾಲಿಸಿದರೆ ಬೂಟು ತಾನೇ ಎಡಕ್ಕೆ ತಿರುಗುತ್ತಿತ್ತು. ಸೈಕಲ್ಲಿನಲ್ಲಿ ವಾಲಿ ತಿರುವು ತೆಗೆದುಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಅಲ್ಲಿಂದಾಚೆಗೆ ಸ್ಕೇಟಿಂಗ್ ಅನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದಾಯಿತು. ಪ್ಲಿಂಪ್ಟನ್ 1866ರಲ್ಲಿ ನ್ಯೂಪೋರ್ಟ್ ಊರಿನ ಅಟ್ಲಾಂಟಿಕ್ ಹೌಸ್ ಹೋಟೆಲನ್ನು ಗುತ್ತಿಗೆ ಹಿಡಿದು, ಅದರ ಊಟದ ಕೋಣೆಯನ್ನೇ ಸ್ಕೇಟಿಂಗ್ ಜಾಗ ಮಾಡಿಬಿಟ್ಟ. ಗಮನಿಸಿ, ಈ ಆಟ ಮೊದಲಿನಿಂದಲೂ ಬೇರೆ ಯಾವುದಕ್ಕೋ ಕಟ್ಟಿದ ಜಾಗದಲ್ಲಿ ಬೇರೂರಿತು.

ಇಂಗ್ಲೆಂಡಿನಲ್ಲಿ ಈ ಹುಚ್ಚು ಎರಡು ಸಲ ಬಂತು. ಮೊದಲನೇ ಸಲ 1870ರ ದಶಕದಲ್ಲಿ, ಜಾಸ್ತಿ ಹಣವಂತರ ನಡುವೆ. ಎರಡನೇ ಸಲ 1908ರ ಹೊತ್ತಿಗೆ. ಅಷ್ಟರಲ್ಲಿ ಚಕ್ರಕ್ಕೆ ಉಕ್ಕಿನ ಗುಂಡಿನ ಬೇರಿಂಗ್ ಬಂದಿತ್ತು, ಬೂಟು ಸಲೀಸಾಗಿ ಉರುಳುತ್ತಿತ್ತು. ಅಮೆರಿಕದ ಉದ್ಯಮಿಗಳು ಬಂದು ಮೇಪಲ್ ಮರದ ನುಣುಪಾದ ನೆಲ ಹಾಸಿದ ದೊಡ್ಡ ದೊಡ್ಡ ರಿಂಕ್‌ಗಳನ್ನು ತೆರೆದರು. ಒಂದೆರಡು ವರ್ಷದಲ್ಲಿ ಊರೂರಿಗೂ ರಿಂಕ್ ಆಯಿತು, ದೇಶದಲ್ಲಿ ನೂರಾರು. ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು, ಸಂಜೆ ಒಂದು. ಮೂಲೆಯಲ್ಲಿ ಬ್ಯಾಂಡ್ ನುಡಿಯುತ್ತಿತ್ತು. ಆ ಕಾಲದಲ್ಲಿ ಮದುವೆಯಾಗದ ಹುಡುಗ ಹುಡುಗಿ ಹತ್ತು ಜನರ ಎದುರು ಕೈ ಹಿಡಿದುಕೊಂಡು ಓಡಾಡಬಹುದಾದ ಜಾಗಗಳು ಬಹಳ ಕಡಿಮೆ. ರಿಂಕ್ ಅಂಥ ಜಾಗ ಆಗಿತ್ತು. ಹೆಂಗಸರಿಗೆ ಅದು ಮೈಚಳಿ ಬಿಟ್ಟು ಆಡುವ ಆಟವೂ ಆಗಿತ್ತು. ಬರೀ ಮರದ ನೆಲವೇ ಅಷ್ಟು ಜನರನ್ನು ಎಳೆದು ತರುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ದೇಶದ ಬೆಟ್ಟದ ಊರುಗಳಿಗೂ ಬ್ರಿಟಿಷರು ಇದನ್ನು ತಂದರು. ಮಸ್ಸೂರಿಯಲ್ಲಿ ದಿ ರಿಂಕ್ ಅಂತಲೇ ಹೆಸರಾದ ಕಟ್ಟಡ ಇತ್ತು. ಡಾರ್ಜಿಲಿಂಗ್‌ನ ರಿಂಕ್ ಆಮೇಲೆ ಸಿನಿಮಾ ಮಂದಿರ ಆಯಿತು. ಈಗ ಅಲ್ಲಿ ಮಾಲ್ ಇದೆ, ಹೆಸರು ಮಾತ್ರ ಈಗಲೂ ರಿಂಕ್ ಮಾಲ್. ಅಲ್ಲಿಗೆ ಹೋಗುವ ಎಷ್ಟೋ ಜನಕ್ಕೆ ಆ ಹೆಸರು ಯಾಕೆ ಬಂತು ಅಂತ ಗೊತ್ತೇ ಇರುವುದಿಲ್ಲ.

ಈಗ ಮೇಡಾ ವೇಲ್‌ಗೆ ಬರೋಣ. ಆ ಹೆಸರಿನ ಹಿಂದೆಯೂ ಒಂದು ಕಥೆ ಇದೆ. 1806ರಲ್ಲಿ ಇಟಲಿಯ ಮೈದಾ ಎಂಬ ಊರಿನ ಹತ್ತಿರ ಬ್ರಿಟಿಷ್ ಸೇನೆ ಫ್ರೆಂಚರನ್ನು ಸೋಲಿಸಿತು. ಆ ಗೆಲುವಿನ ನೆನಪಿಗೆ ಒಂದು ಮದ್ಯದಂಗಡಿಗೆ ಹೀರೋ ಆಫ್ ಮೇಡಾ ಅಂತ ಹೆಸರಿಟ್ಟರು. ಅಂಗಡಿಯಿಂದ ಆ ಕಡೆಗೆಲ್ಲ ಅದೇ ಹೆಸರು ಬಂತು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಕೆಂಪು ಇಟ್ಟಿಗೆಯ ಎತ್ತರದ ವಸತಿ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಒಳ್ಳೆಯ ಸಂಬಳದ ಮಧ್ಯಮ ವರ್ಗದವರು ಬಂದು ಸೇರಿಕೊಂಡರು. ರಿಂಕ್ ಕಟ್ಟಿದವರ ಕಣ್ಣು ಇವರ ಮೇಲೆಯೇ ಇತ್ತು. ಅದಕ್ಕೇ ಹೆಸರಿನಲ್ಲಿ ಅರಮನೆಯೂ ಇದೆ, ಕ್ಲಬ್ಬೂ ಇದೆ. ಆಗ ಅಲ್ಲಿಗೆ ಸುರಂಗ ರೈಲು ಇನ್ನೂ ಬಂದಿರಲಿಲ್ಲ. ಮೇಡಾ ವೇಲ್ ನಿಲ್ದಾಣ ಶುರುವಾದದ್ದು 1915ರಲ್ಲಿ. ಅಷ್ಟು ಹೊತ್ತಿಗೆ ಸ್ಕೇಟಿಂಗ್ ಹುಚ್ಚೇ ಇಳಿದುಹೋಗಿತ್ತು.

ಯಾಕೆ ಇಳಿಯಿತು? ಮುಖ್ಯ ಕಾರಣ ಅತಿಯಾದದ್ದು. ಒಂದೇ ಊರಿನಲ್ಲಿ ಎರಡು ಮೂರು ರಿಂಕ್ ತೆರೆದರೆ ಯಾರಿಗೆ ಲಾಭ ಬರುತ್ತೆ? ಸಾಲದ್ದಕ್ಕೆ ಸಿನಿಮಾ ಬಂತು. ಬ್ರಿಟನ್ನಿನಲ್ಲಿ ಸಿನಿಮಾ ಮಂದಿರಗಳ ಸುರಕ್ಷತೆಗೆಂದು ಮಾಡಿದ ಮೊದಲ ಕಾನೂನು 1909ರದ್ದೇ, ಮುಂದಿನ ವರ್ಷ ಜಾರಿಗೆ ಬಂತು. ಅದರ ಹಿಂದೆಯೇ ಸಿನಿಮಾಕ್ಕೆಂದೇ ಕಟ್ಟಿದ ಮಂದಿರಗಳು ಏಳತೊಡಗಿದವು. ಸ್ಕೇಟಿಂಗ್‌ಗೆ ಮೈ ಬೆವರಬೇಕು, ಬೀಳಬೇಕು, ಕಲಿಯಬೇಕು. ಸಿನಿಮಾಕ್ಕೆ ಸುಮ್ಮನೆ ಕೂತರೆ ಸಾಕು. ಎಷ್ಟೋ ರಿಂಕ್‌ಗಳೇ ಕುರ್ಚಿ, ಪರದೆ ಹಾಕಿಕೊಂಡು ಸಿನಿಮಾ ಮಂದಿರ ಆದವು. ಮೇಡಾ ವೇಲ್ ರಿಂಕ್ ಕೂಡ ಕೆಲವೇ ವರ್ಷಗಳಲ್ಲಿ ನಿಂತಿತು.

ಆದರೆ ಕಟ್ಟಡ ನಿಂತೇ ಇತ್ತು. ಸ್ವಲ್ಪ ಯೋಚನೆ ಮಾಡಿ, ರಿಂಕ್ ಅಂದರೆ ಏನು? ಒಂದು ದೊಡ್ಡ ಸಪಾಟು ನೆಲ. ಮೇಲೆ ಒಂದು ಚಾವಣಿ. ನಡುವೆ ಕಂಬ ಇರಬಾರದು. ಕಂಬ ಇದ್ದರೆ ವೇಗವಾಗಿ ಬರುವವನು ಹೋಗಿ ಗುದ್ದುತ್ತಾನೆ. ಹಾಗಾಗಿ ಕಟ್ಟುವವರು ಖರ್ಚು ಜಾಸ್ತಿಯಾದರೂ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ತೊಲೆಕಟ್ಟು ಹಾಕಿ, ಮಧ್ಯದ ಜಾಗವನ್ನೆಲ್ಲ ಖಾಲಿ ಬಿಡುತ್ತಿದ್ದರು. ಪಟ್ಟಣದ ನಡುವೆ ಕಂಬವಿಲ್ಲದ ಅಷ್ಟು ದೊಡ್ಡ ಖಾಲಿ ಜಾಗ ಸಿಗುವುದು ಬಹಳ ಅಪರೂಪ. ಸ್ಕೇಟಿಂಗ್ ಹೋದರೂ ಆ ಖಾಲಿತನ ಹೋಗಲಿಲ್ಲ. ರಿಂಕ್ ಕಟ್ಟಿದವರು ಮುಂದಿನವರಿಗೆ ಬಿಟ್ಟುಹೋದ ಆಸ್ತಿ ಅದೇ.

ಇದು ಮೇಡಾ ವೇಲ್ ಒಂದರ ಮಾತಲ್ಲ. ಬ್ರೈಟನ್ನಿನ ಹಿಪೊಡ್ರೋಮ್ 1897ರಲ್ಲಿ ಐಸ್ ಸ್ಕೇಟಿಂಗ್ ರಿಂಕ್ ಆಗಿ ಶುರುವಾಯಿತು, ನಾಲ್ಕೈದು ವರ್ಷದಲ್ಲಿ ರಂಗಮಂದಿರ ಆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ 1912ರಲ್ಲಿ ಕುಣಿತದ ಹಾಲ್ ಆಗಿ ಕಟ್ಟಿದ್ದು. 1940ರ ದಶಕದಲ್ಲಿ ರೋಲರ್ ರಿಂಕ್ ಆಗಿತ್ತು. 1960ರ ದಶಕದಲ್ಲಿ ರಾಕ್ ಸಂಗೀತದ ದೊಡ್ಡ ತವರು ಆಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾರು ನಿಲ್ಲಿಸುವ ಗ್ಯಾರೇಜು 1941ರಲ್ಲಿ ಎಂಪೈರ್ ರೋಲರ್‌ಡ್ರೋಮ್ ಆಯಿತು, 2007ರವರೆಗೂ ನಡೆಯಿತು, ಆಮೇಲೆ ಸಾಮಾನು ಇಡುವ ಗೋದಾಮು ಆಯಿತು. ಖಾಲಿ ನೆಲ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇರುತ್ತದೆ.

ಬಿಬಿಸಿಗೆ ಆ ಖಾಲಿ ನೆಲ ಬೇಕಾದದ್ದು ಯಾಕೆ? 1930ರಲ್ಲಿ ಬಿಬಿಸಿ ತನ್ನದೇ ದೊಡ್ಡ ವಾದ್ಯವೃಂದ ಕಟ್ಟಿತು, ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ. 114 ವಾದಕರು, ಏಡ್ರಿಯನ್ ಬೋಲ್ಟ್ ಅದರ ಮುಖ್ಯ ನಿರ್ದೇಶಕರು. 1932ರಲ್ಲಿ ಲಂಡನ್ ನಡುವೆ ಬ್ರಾಡ್‌ಕಾಸ್ಟಿಂಗ್ ಹೌಸ್ ಎಂಬ ಹೊಸ ಪ್ರಧಾನ ಕಚೇರಿ ಎದ್ದಿತು. ಅದರಲ್ಲೊಂದು ಸಂಗೀತದ ಹಾಲ್ ಕೂಡ ಇತ್ತು. ಆದರೆ ಪೂರ್ತಿ ವಾದ್ಯವೃಂದಕ್ಕೆ ಅದು ಸಾಲಲಿಲ್ಲ. ಹಾಗಾಗಿ ಅವರು ವಾಟರ್‌ಲೂ ಸೇತುವೆ ಪಕ್ಕದ ಒಂದು ಹಳೆ ಗೋದಾಮನ್ನು ಹತ್ತನೇ ನಂಬರಿನ ಸ್ಟುಡಿಯೊ ಅಂತ ಬಳಸುತ್ತಿದ್ದರು. ಗೋದಾಮು ಎಷ್ಟಾದರೂ ಗೋದಾಮೇ ಅಲ್ವಾ? ಇಷ್ಟು ಜನ ಒಟ್ಟಿಗೆ ಕೂತು ನುಡಿಸಲು ಸರಿಯಾದ ಮನೆ ಬೇಕಿತ್ತು. ಅದು ಮೇಡಾ ವೇಲ್‌ನ ಹಳೆ ರಿಂಕ್‌ನಲ್ಲಿ ಸಿಕ್ಕಿತು. ಹೊರಗಿನ ಚಿಪ್ಪನ್ನು ಉಳಿಸಿಕೊಂಡು ಒಳಗಡೆಯನ್ನೆಲ್ಲ ಹೊಸದಾಗಿ ಕಟ್ಟಿದರು. 1934ರಲ್ಲಿ ಆರ್ಕೆಸ್ಟ್ರಾ ಒಳಗೆ ಬಂದು ಕೂತಿತು.

ಇನ್ನು ನೀವು ಕೇಳಿದ ಮೊಳಗಿನ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ ಇದು. ಮದುವೆಗೆ ಮುಂಚಿನ ದಿನ ಕಲ್ಯಾಣ ಮಂಟಪಕ್ಕೆ ಹೋಗಿದ್ದೀರಾ? ಕುರ್ಚಿ ಇಲ್ಲ, ಜನ ಇಲ್ಲ. ಯಾರೋ ಒಬ್ಬರು ಮೂಲೆಯಲ್ಲಿ ಪಾತ್ರೆ ಇಟ್ಟರೆ ಇಡೀ ಮಂಟಪ ಝೇಂಕರಿಸುತ್ತದೆ. ಮಾರನೇ ದಿನ ಐನೂರು ಜನ ರೇಷ್ಮೆ ಸೀರೆ, ಪಂಚೆ ಉಟ್ಟು ಬಂದು ಕೂತ ಮೇಲೆ ಆ ಮೊಳಗು ಎಷ್ಟೋ ತಗ್ಗಿರುತ್ತದೆ. ಗಟ್ಟಿ ಗೋಡೆ, ಗಟ್ಟಿ ನೆಲ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಬಟ್ಟೆ, ಮೆತ್ತೆ, ಮನುಷ್ಯರ ಮೈ ಅದನ್ನು ಕುಡಿಯುತ್ತವೆ.

ಇದನ್ನು ಮೊದಲು ಅಳೆದು ಲೆಕ್ಕಕ್ಕೆ ತಂದವರು ವಾಲೇಸ್ ಸೇಬಿನ್, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕರು. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಕೋಣೆಯಲ್ಲಿ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಮಾತು ಆಡಿದರೆ ಅದು ಅಡಗಲು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತು ಪದ ಬಂದು ಅದರ ಮೇಲೆ ಬೀಳುತ್ತಿದ್ದವು. ಸೇಬಿನ್ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು, ಕೋಣೆಯೊಳಗೆ ಒಂದೊಂದಾಗಿ ಹರಡಿದರು. ಆರ್ಗನ್ನಿನ ಕೊಳವೆಯಿಂದ ಸದ್ದು ಮಾಡಿ, ಅದು ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಗಡಿಯಾರ ಹಿಡಿದು ಅಳೆದರು. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕಿತ್ತು. ಈ ಕೆಲಸದಿಂದ ಸಿಕ್ಕ ಸೂತ್ರವನ್ನು ನಾವು ಇವತ್ತಿಗೂ ಬಳಸುತ್ತೇವೆ. ಕೋಣೆ ದೊಡ್ಡದಾದಷ್ಟೂ ಮೊಳಗು ಜಾಸ್ತಿ, ಸದ್ದು ಕುಡಿಯುವ ವಸ್ತು ಹೆಚ್ಚಾದಷ್ಟೂ ಮೊಳಗು ಕಡಿಮೆ.

ಹಾಗಾದರೆ ರಿಂಕ್ ಸಂಗೀತಕ್ಕೆ ಕೆಟ್ಟ ಜಾಗ ಅನ್ನಬೇಕಲ್ಲ? ಇಲ್ಲೇ ಗಮನ ಕೊಡಬೇಕಾದ ವಿಷಯ ಇದೆ. ವಾದ್ಯವೃಂದಕ್ಕೆ ಮೊಳಗು ಬೇಕು. ಎರಡು ಸೆಕೆಂಡಿನ ಆಸುಪಾಸು ಇದ್ದರೆ ಪಿಟೀಲುಗಳೆಲ್ಲ ಒಂದಕ್ಕೊಂದು ಬೆರೆತು, ದನಿ ದುಂಡಗೆ ತುಂಬಿಕೊಳ್ಳುತ್ತದೆ. ಮೊಳಗೇ ಇಲ್ಲದ ಕೋಣೆಯಲ್ಲಿ ನೂರು ಜನ ನುಡಿಸಿದರೂ ಒಣಗಿದಂತೆ ಕೇಳುತ್ತದೆ. ಮೊಳಗು ಬರಬೇಕಾದರೆ ಕೋಣೆಯಲ್ಲಿ ಗಾಳಿ ಇರಬೇಕು, ಅಂದರೆ ಎತ್ತರ, ಅಗಲ ಬೇಕು. ಜಾಸ್ತಿ ಇರುವ ಮೊಳಗನ್ನು ಮೆತ್ತೆ, ಹಲಗೆ, ಪರದೆ ಹಾಕಿ ತಗ್ಗಿಸಬಹುದು. ಇಲ್ಲದ ಜಾಗವನ್ನು ಎಲ್ಲಿಂದ ತರುತ್ತೀರಿ? ಸಣ್ಣ ಕೋಣೆಯನ್ನು ಹಿಗ್ಗಿಸಲು ಆಗುವುದಿಲ್ಲ. ರಿಂಕ್‌ನಲ್ಲಿ ಬೇಕಾದಷ್ಟು ಗಾಳಿ ಇತ್ತು. ಒಂದನೇ ಸ್ಟುಡಿಯೊ ಆರ್ಕೆಸ್ಟ್ರಾದ ಮನೆ ಆದದ್ದು ಹೀಗೆ. ನೂರಕ್ಕಿಂತ ಜಾಸ್ತಿ ವಾದಕರ ಜೊತೆಗೆ ಒಂದಷ್ಟು ಕೇಳುಗರೂ ಕೂರುವಷ್ಟು ದೊಡ್ಡದು ಅದು.

ಉಳಿದ ಜಾಗದಲ್ಲಿ ಬೇರೆ ಬೇರೆ ಅಳತೆಯ ಸ್ಟುಡಿಯೊಗಳು ಬಂದವು. ಎಲ್ಲಾ ಸೇರಿ ಏಳು. ನಾಟಕಕ್ಕೆ ಒಂದು ಬಗೆಯ ಕೋಣೆ ಬೇಕು, ಹಾಡುಗಾರರಿಗೆ ಇನ್ನೊಂದು ಬಗೆ, ಸಣ್ಣ ತಂಡಕ್ಕೆ ಮತ್ತೊಂದು. ಮಾತಿಗೆ ಮೊಳಗು ಅರ್ಧ ಸೆಕೆಂಡೂ ಬೇಡ. ಇನ್ನೊಂದು ಅನುಕೂಲ ಏನಂದರೆ, ಆ ಕಟ್ಟಡದ ಬಹುಪಾಲು ರಸ್ತೆಯ ಮಟ್ಟಕ್ಕಿಂತ ಕೆಳಗಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತಿನ ತಗ್ಗು ಮನೆಯ ಹಾಗೆ ಕಾಣುತ್ತದೆ. ಒಳಗೆ ಹೋಗಿ ಮೆಟ್ಟಿಲಿಳಿದರೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಸುತ್ತಲಿನ ಮಣ್ಣು ಹೊರಗಿನ ಗಾಡಿಗಳ ಸದ್ದನ್ನು ತಡೆಯುತ್ತದೆ. ಒಂದು ಕಾಲಕ್ಕೆ ಮರದ, ಲೋಹದ ಚಕ್ರಗಳ ಗದ್ದಲ ತುಂಬಿದ್ದ ಜಾಗದಲ್ಲಿ, ಕಾಗದದ ಹಾಳೆ ಮಗುಚಿದ ಸದ್ದೂ ಮೈಕಿಗೆ ಕೇಳಿಸಬಾರದು ಅಂತ ಜನ ಉಸಿರು ಹಿಡಿದು ಕೂರುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎರಡನೇ ಮಹಾಯುದ್ಧ ಬಂದಾಗ ಆರ್ಕೆಸ್ಟ್ರಾ ಊರು ಬಿಟ್ಟಿತು. 1939ರಲ್ಲಿ ಬ್ರಿಸ್ಟಲ್‌ಗೆ, 1941ರಲ್ಲಿ ಬೆಡ್‌ಫರ್ಡ್‌ಗೆ. ಮೇಡಾ ವೇಲ್ ಬಿಬಿಸಿಯ ರೇಡಿಯೊ ಸುದ್ದಿ ವಿಭಾಗಕ್ಕೆ ಬದಲಿ ಕೇಂದ್ರವಾಗಿತ್ತು. ಬಾಂಬ್ ಬಿದ್ದು ಒಂದಿಷ್ಟು ಭಾಗ ಹಾಳಾಯಿತು, ಆಮೇಲೆ ಸರಿಮಾಡಿದರು.

ಆ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ 1958ರದ್ದು. ಆ ವರ್ಷ ಏಪ್ರಿಲ್‌ನಲ್ಲಿ ಒಂದು ಮೂಲೆಯ ಕೋಣೆಗಳಲ್ಲಿ ರೇಡಿಯೊಫೋನಿಕ್ ವರ್ಕ್‌ಶಾಪ್ ಶುರುವಾಯಿತು. ಡ್ಯಾಫ್ನೆ ಓರಮ್ ಎಂಬ ಮಹಿಳೆ ಮತ್ತು ಡೆಸ್ಮಂಡ್ ಬ್ರಿಸ್ಕೊ ಇದನ್ನು ಕಟ್ಟಿದರು. ರೇಡಿಯೊ ನಾಟಕಗಳಿಗೆ ಯಾವ ವಾದ್ಯದಿಂದಲೂ ಬಾರದ ಹೊಸ ಬಗೆಯ ಸದ್ದು ಬೇಕಿತ್ತು. ಕಂಪ್ಯೂಟರ್ ಇಲ್ಲ, ಸಿಂಥಸೈಜರ್ ಇಲ್ಲ. ಇದ್ದದ್ದು ಬೇರೆ ಕಡೆಯಿಂದ ತಂದ ಹಳೆ ಟೇಪ್ ಯಂತ್ರಗಳು, ಕತ್ತರಿಸಲು ಬ್ಲೇಡು, ಅಂಟಿಸಲು ಪಟ್ಟಿ. ಓರಮ್ ಮರುವರ್ಷವೇ ಬಿಬಿಸಿ ಬಿಟ್ಟು ತಮ್ಮದೇ ಸ್ಟುಡಿಯೊ ಕಟ್ಟಿಕೊಂಡರು.

1962ರಲ್ಲಿ ಅಲ್ಲಿಗೆ ಡೀಲಿಯಾ ಡರ್ಬಿಶೈರ್ ಬಂದರು. ಕೇಂಬ್ರಿಡ್ಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದವರು. ಮರುವರ್ಷ ಡಾಕ್ಟರ್ ಹೂ ಎಂಬ ಟಿವಿ ಧಾರಾವಾಹಿಗೆ ಆರಂಭದ ಸಂಗೀತ ಬೇಕಾಯಿತು. ರಾಗದ ಹಾಳೆ ಬರೆದು ಕೊಟ್ಟವರು ರಾನ್ ಗ್ರೇನರ್. ಅದನ್ನು ಕೇಳುವ ಸದ್ದಾಗಿಸಿದವರು ಡರ್ಬಿಶೈರ್, ಜೊತೆಗೆ ಡಿಕ್ ಮಿಲ್ಸ್. ಮೀಟಿದ ಒಂದೇ ತಂತಿಯ ಸದ್ದನ್ನು ಟೇಪಿಗೆ ಹಿಡಿದು, ಅದರ ವೇಗ ಹೆಚ್ಚುಕಡಿಮೆ ಮಾಡಿ ಒಂದೊಂದು ಸ್ವರ ತೆಗೆದರು. ಯಂತ್ರಗಳನ್ನು ಪರೀಕ್ಷೆ ಮಾಡಲು ಇಟ್ಟಿದ್ದ, ಒಂದೇ ಸ್ವರ ಹೊಮ್ಮಿಸುವ ಆಸಿಲೇಟರುಗಳಿಂದ ಇನ್ನಷ್ಟು ಸ್ವರ ತೆಗೆದರು. ಪ್ರತಿ ಸ್ವರಕ್ಕೂ ಬೇಕಾದಷ್ಟೇ ಉದ್ದದ ಟೇಪ್ ಕತ್ತರಿಸಿ ಒಂದರ ಹಿಂದೆ ಒಂದು ಅಂಟಿಸಿದರು. ಹೂ ಕಟ್ಟುವವರು ಒಂದೊಂದೇ ಮೊಗ್ಗು ಆಯ್ದು ದಾರಕ್ಕೆ ಸೇರಿಸುತ್ತಾರಲ್ಲ, ಅಷ್ಟು ತಾಳ್ಮೆಯ ಕೆಲಸ. ಗ್ರೇನರ್ ಕೇಳಿ ಬೆರಗಾದರು, ಹೆಸರಿನಲ್ಲೂ ಹಣದಲ್ಲೂ ಆಕೆಗೆ ಪಾಲು ಕೊಡಬೇಕು ಅಂದರು. ವರ್ಕ್‌ಶಾಪ್‌ನ ಕೆಲಸಗಾರರ ಹೆಸರು ಬೇರೆಯಾಗಿ ಹಾಕುವ ಪದ್ಧತಿ ಆಗ ಇರಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ, ಅದರ 50ನೇ ವರ್ಷಕ್ಕೆ. ತುಂಬಾ ತಡ ಆಯಿತು. ಇದನ್ನು ಯೋಚಿಸಿದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಡರ್ಬಿಶೈರ್ ಅವರಿಗೆ ಹಸಿರು ಬಣ್ಣದ ಒಂದು ಹಳೆ ಲೋಹದ ದೀಪದ ಟೋಪಿ ಅಂದರೆ ಪ್ರಾಣ. ಅದನ್ನು ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತಿತ್ತು. ಆ ದನಿಯನ್ನು ಟೇಪಿಗೆ ಹಿಡಿದು, ಬಡಿದ ಕ್ಷಣವನ್ನು ಕತ್ತರಿಸಿ ತೆಗೆದು, ಉಳಿದ ಗುಂಗನ್ನಷ್ಟೇ ಸಂಗೀತಕ್ಕೆ ಬಳಸಿದರು. ಆ ವರ್ಕ್‌ಶಾಪ್ 1998ರಲ್ಲಿ ಮುಚ್ಚಿತು.

ಇನ್ನು ಪಾಪ್, ರಾಕ್ ಸಂಗೀತದ ಕಥೆ. ದೊಡ್ಡ ದೊಡ್ಡ ತಂಡಗಳೆಲ್ಲ ಆ ಹಳೆ ರಿಂಕ್‌ಗೆ ಬಂದು ನುಡಿಸಿದ್ದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ಒಂದು ಸರಳ ಕಾರಣ ಇತ್ತು. ರೇಡಿಯೊದಲ್ಲಿ ಗ್ರಾಮಫೋನ್ ಪ್ಲೇಟ್ ಹಾಕಿ ಹಾಡು ಕೇಳಿಸಿದರೆ ವಾದಕರಿಗೆ ಕೆಲಸ ಹೋಗುತ್ತದೆ, ಪ್ಲೇಟ್ ಮಾರಾಟವೂ ಬೀಳುತ್ತದೆ ಅಂತ ವಾದಕರ ಸಂಘಕ್ಕೂ ರೆಕಾರ್ಡ್ ಕಂಪನಿಗಳಿಗೂ ಭಯ ಇತ್ತು. ಹಾಗಾಗಿ ದಿನಕ್ಕೆ ಇಷ್ಟು ಗಂಟೆ ಮಾತ್ರ ಪ್ಲೇಟಿನ ಮೇಲೆ ಮುಳ್ಳು ಇಡಬಹುದು ಅಂತ ಒಪ್ಪಂದ ಆಗಿತ್ತು. ಉಳಿದ ಹೊತ್ತಿಗೆ ಬಿಬಿಸಿ ವಾದಕರನ್ನು ಕರೆಸಿ ಹೊಸದಾಗಿ ನುಡಿಸಬೇಕಿತ್ತು. ಈ ಕಟ್ಟುಪಾಡು 1988ರವರೆಗೂ ಇತ್ತು. ಅದರಿಂದ ಕೇಳುಗರಿಗೆ ಸಿಕ್ಕಿದ್ದು ಏನು ಗೊತ್ತಾ? ಪ್ಲೇಟಿನಲ್ಲಿ ಇರುವುದಕ್ಕಿಂತ ಬೇರೆ ಥರದ, ಅವತ್ತೇ ನುಡಿಸಿದ ಸಾವಿರಾರು ಹಾಡುಗಳು. ಒಂದು ಅಡ್ಡಿ ಇಂಥ ಭಂಡಾರ ಕಟ್ಟಿಕೊಟ್ಟಿತು.

ಬೀಟಲ್ಸ್ ತಂಡ 1963ರ ಜುಲೈ 2ರಂದು ಅಲ್ಲಿನ ಐದನೇ ಸ್ಟುಡಿಯೊದಲ್ಲಿ ತಮ್ಮದೇ ರೇಡಿಯೊ ಕಾರ್ಯಕ್ರಮಕ್ಕೆ ಹಾಡಿತು. ಲೆಡ್ ಜೆಪ್ಲಿನ್ ಎಂಬ ರಾಕ್ ತಂಡ 1969ರಲ್ಲಿ ಬಂತು. ರಾಕ್ ಗಾಯಕ ಡೇವಿಡ್ ಬೋವಿ ಬಂದರು. 1977ರ ಅಕ್ಟೋಬರ್ 11ರಂದು ಅಮೆರಿಕದ ಹಿರಿಯ ಗಾಯಕ ಬಿಂಗ್ ಕ್ರಾಸ್ಬಿ ಬಂದು ಕೆಲವು ಹಾಡು ಹಾಡಿಹೋದರು. ಮೂರು ದಿನ ಬಿಟ್ಟು ಸ್ಪೇನ್‌ನಲ್ಲಿ ಗಾಲ್ಫ್ ಆಡಿ ಮುಗಿಸಿ ಬರುವಾಗ ಕುಸಿದು ತೀರಿಕೊಂಡರು. ಅವರ ದನಿ ಸ್ಟುಡಿಯೊದಲ್ಲಿ ಕೊನೆಯದಾಗಿ ದಾಖಲಾದದ್ದು ಆ ಹಳೆ ರಿಂಕ್‌ನಲ್ಲಿ.

ಜಾನ್ ಪೀಲ್ ಎಂಬ ರೇಡಿಯೊ ನಿರೂಪಕರ ಹೆಸರು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಬಿಸಿ ರೇಡಿಯೊ 1ರಲ್ಲಿ ಹೊಸ ಹೊಸ ತಂಡಗಳನ್ನು ಕೇಳಿಸಿದರು. ಅವರ ಕಾರ್ಯಕ್ರಮಕ್ಕೆಂದು 4,000ಕ್ಕೂ ಮೇಲೆ ಸೆಷನ್‌ಗಳು ರೆಕಾರ್ಡ್ ಆದವು, ಅವುಗಳಲ್ಲಿ ಬಹಳಷ್ಟು ಮೇಡಾ ವೇಲ್‌ನಲ್ಲೇ. ಊರೂರಿನ ಹುಡುಗರು ಬಾಡಿಗೆ ವ್ಯಾನಿನಲ್ಲಿ ಡ್ರಮ್ಮು, ಗಿಟಾರು ಹೇರಿಕೊಂಡು ಮಧ್ಯಾಹ್ನ ಬರುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ಹಾಡು. ರಾತ್ರಿಯೊಳಗೆ ರೆಕಾರ್ಡೂ ಆಗಬೇಕು, ಮಿಕ್ಸಿಂಗೂ ಮುಗಿಯಬೇಕು. ನಾಳೆ ಸರಿಮಾಡೋಣ ಅನ್ನಲು ನಾಳೆಯೇ ಇರುತ್ತಿರಲಿಲ್ಲ. ಆ ಅವಸರದಿಂದಲೇ ಆ ಹಾಡುಗಳಲ್ಲಿ ಒಂದು ಹಸಿತನ ಇದೆ. ನಿರ್ವಾಣ ಎಂಬ ಅಮೆರಿಕದ ತಂಡ 1989ರಲ್ಲಿ ಅಲ್ಲಿ ಮೊದಲ ಸಲ ನುಡಿಸಿದಾಗ, ಅವರು ಲೋಕಪ್ರಸಿದ್ಧರಾಗಲು ಇನ್ನೂ ಎರಡು ವರ್ಷ ಇತ್ತು.

ಗೋಡೆಯ ಆ ಕಡೆ ಆರ್ಕೆಸ್ಟ್ರಾ, ಈ ಕಡೆ ರಾಕ್ ತಂಡ, ಇನ್ನೊಂದು ಕೋಣೆಯಲ್ಲಿ ಟೇಪ್ ಕತ್ತರಿಸುವವರು. ಒಂದೇ ಚಾವಣಿಯ ಕೆಳಗೆ ಇಷ್ಟು ಬಗೆಯ ಸಂಗೀತ ನಡೆದ ಕಟ್ಟಡಗಳು ಲೋಕದಲ್ಲಿ ಬಹಳ ಇಲ್ಲ.

ಈಗ ಮಾರಾಟದ ವಿಷಯ. 2018ರಲ್ಲಿ ಬಿಬಿಸಿ ಮೇಡಾ ವೇಲ್ ಬಿಟ್ಟು ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಹೊಸ ಸ್ಟುಡಿಯೊ ಕಟ್ಟುವುದಾಗಿ ಹೇಳಿತು. ಕಟ್ಟಡ ಹಳೆಯದಾಗಿದೆ, ಇವತ್ತಿನ ಕೆಲಸಕ್ಕೆ ಒಗ್ಗುವುದಿಲ್ಲ ಅನ್ನೋದು ಅವರ ಕಾರಣ. ಸಂಗೀತದ ಲೋಕದಿಂದ ದೊಡ್ಡ ವಿರೋಧ ಬಂತು. ಮೇಡಾ ವೇಲ್ ಅಂದರೆ ಬೆಲೆಬಾಳುವ ಜಾಗ. ಅಲ್ಲಿ ಅಷ್ಟು ದೊಡ್ಡ ನೆಲ ಸಿಕ್ಕರೆ ಮನೆ ಕಟ್ಟಿ ಮಾರುವವರು ಬಿಡುತ್ತಾರಾ? 2020ರ ಆರಂಭದಲ್ಲಿ ಸರ್ಕಾರ ಆ ಕಟ್ಟಡವನ್ನು ರಕ್ಷಿತ ಕಟ್ಟಡಗಳ ಎರಡನೇ ದರ್ಜೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಸೇರಿದ ಮೇಲೆ ವಿಶೇಷ ಅನುಮತಿ ಇಲ್ಲದೆ ಕೆಡವುವಂತಿಲ್ಲ, ಅದರ ಗುಣ ಕೆಡುವ ಹಾಗೆ ಬದಲಾಯಿಸುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಈ ಕಾನೂನನ್ನು ಗಟ್ಟಿಯಾಗಿ ಪಾಲಿಸುತ್ತಾರೆ. ಕೆಡವುವುದಿಲ್ಲ ಅಂತ ನಾನು ಮೊದಲೇ ಧೈರ್ಯವಾಗಿ ಹೇಳಿದ್ದು ಅದಕ್ಕೇ.

2023ರಲ್ಲಿ ಕಟ್ಟಡ ಒಂದು ಕೋಟಿ ಐದು ಲಕ್ಷ ಪೌಂಡಿಗೆ ಮಾರಾಟ ಆಯಿತು. ಕೊಂಡವರಲ್ಲಿ ಸಿನಿಮಾ ಸಂಗೀತಕ್ಕೆ ಹೆಸರಾದ ಹಾನ್ಸ್ ಝಿಮರ್ ಇದ್ದಾರೆ. ಜೊತೆಗೆ ಅವರ ಪಾಲುದಾರ ಸ್ಟೀವನ್ ಕೋಫ್‌ಸ್ಕಿ, ಚಿತ್ರ ನಿರ್ಮಾಪಕರಾದ ಟಿಮ್ ಬೆವನ್ ಮತ್ತು ಎರಿಕ್ ಫೆಲ್ನರ್. ಅದನ್ನು ರಿಪೇರಿ ಮಾಡಿ ಸ್ಟುಡಿಯೊ ಆಗಿಯೇ ಮುಂದುವರಿಸುವುದಾಗಿ, ಕಲಿಯುವವರಿಗೂ ಅಲ್ಲಿ ಜಾಗ ಕೊಡುವುದಾಗಿ ಅವರು ಹೇಳಿದ್ದಾರೆ. ಹಳೆ ಕಟ್ಟಡದ ಕೆಲಸ ಮಾಡುವ ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಗೋಡೆ ಉಳಿಸಿ ಒಳಗೆ ಬಟ್ಟೆ ಅಂಗಡಿ ತೆರೆದಿದ್ದರೆ ಕಾನೂನಿನ ಪ್ರಕಾರ ಕಟ್ಟಡ ಉಳಿಯುತ್ತಿತ್ತೇನೋ. ಆದರೆ ಇಂಥ ಕೋಣೆಗಳ ಬೆಲೆ ಇರುವುದು ಅವುಗಳ ದನಿಯಲ್ಲಿ. ಯಾರಾದರೂ ಒಳಗೆ ಕೂತು ನುಡಿಸುತ್ತಿದ್ದರೆ ತಾನೇ ಆ ದನಿ ಇರುವುದು?

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಆ ಕಡೆ ಹೋದಾಗ ಬಾಗಿಲ ಮುಂದೆ ನಿಂತು ಫೋಟೊ ತೆಗೆದು ಬಂದುಬಿಡಬೇಡ ಅನ್ನಿ. ಕಟ್ಟಡದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ರಸ್ತೆಯ ಆ ಬದಿಯಲ್ಲಿ ನಿಧಾನವಾಗಿ ನಡೆಯಲಿ. ಸುತ್ತಲಿನ ಕೆಂಪು ಇಟ್ಟಿಗೆಯ ಮನೆಗಳೆಲ್ಲ ನಾಲ್ಕೈದು ಅಂತಸ್ತು ಎತ್ತರ ಇವೆ. ಇದೊಂದೇ ತಗ್ಗಾಗಿ, ಉದ್ದಕ್ಕೆ ಮಲಗಿದೆ. ನಡೆಯುತ್ತಾ ಹೋದ ಹಾಗೆ ಅದು ಎಷ್ಟು ಉದ್ದ ಅಂತ ಕಾಲಿಗೇ ಗೊತ್ತಾಗುತ್ತದೆ. 1909ರಲ್ಲಿ ಚಕ್ರದ ಬೂಟು ಕಟ್ಟಿಕೊಂಡವರಿಗೆ ಗೋಡೆಗೆ ಗುದ್ದದೆ ಓಡಲು ಬೇಕಾಗಿದ್ದ ಉದ್ದ ಅದು.